ಇಪ್ಪತ್ತಮೂರು ತೂತಿನ ಗೋಡೆ

ಆಗ ನನಗೆ ಒಂಬತ್ತು ವರ್ಷ. ಅದಾಗಿ ಐವತ್ತೆಂಟು ವರ್ಷವಾಯಿತು. ಇಂಗ್ಲೆಂಡಿನ ಲೀಡ್ಸ್ ಊರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಒಂದು ದಿಬ್ಬ, ದಿಬ್ಬದ ಮೇಲೆ ಹಳೆಯ ಕಲ್ಲಿನ ದೊಡ್ಡ ಮನೆ. ಅದರಲ್ಲಿ ನಾವು ಮೂರೇ ಜನ: ಅಪ್ಪ, ಅವ್ವ, ನಾನು. ಮನೆ ನಮ್ಮದಲ್ಲ, ಒಂದು ಟ್ರಸ್ಟಿನದು. ಅಪ್ಪ ಅಲ್ಲಿ ಕಾವಲಿಗಿದ್ದ. ಹದಿನಾಲ್ಕು ಕೋಣೆಗಳಲ್ಲಿ ಹನ್ನೊಂದಕ್ಕೆ ಬೀಗ. ನಮಗೆ ಬಿಟ್ಟದ್ದು ಅಡಿಗೆಮನೆ ಮತ್ತು ಅದರ ಮೇಲಿನ ಎರಡು ಕೋಣೆ. ಬೀಗ ಹಾಕಿದ ಕೋಣೆಗಳನ್ನು ಅವ್ವ ವಾರಕ್ಕೊಮ್ಮೆ ಗುಡಿಸುತ್ತಿದ್ದಳು. ಅಪ್ಪ ಕಿಟಕಿ ತೆರೆದು ಮುಚ್ಚುತ್ತಿದ್ದ, ದೊಡ್ಡ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಮನೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಅದು ಅವ್ವನ ನಾಲಿಗೆಗೆ ಹತ್ತಲಿಲ್ಲ. ಅವಳು ಗುಂಡಿನ ಮನಿ ಎಂದಳು. ಹೆಸರು ಸರಿಯಾಗಿಯೇ ಇತ್ತು. ಮುನ್ನೂರು ವರ್ಷಗಳ ಹಿಂದೆ ಆ ದಿಬ್ಬದ ಮೇಲೆ ರಾಜನ ಕಡೆಯವರಿಗೂ ಪಾರ್ಲಿಮೆಂಟಿನವರಿಗೂ ಕಾಳಗವಾಗಿತ್ತು. ಗುಂಡುಗಳು ಅಡಿಗೆಮನೆಯ ಬಾಗಿಲಿನಿಂದ ತೂರಿ ಬಂದು ಎದುರು ಗೋಡೆಗೆ ಬಡಿದಿದ್ದವು. ಗೋಡೆಯಲ್ಲಿ ಆ ತೂತುಗಳು ಹಾಗೇ ಉಳಿದಿದ್ದವು. ಆ ತೂತುಗಳಿಗಾಗಿಯೇ ಟ್ರಸ್ಟಿನವರು ಮನೆಯನ್ನು ಕಾಪಾಡಿಕೊಂಡು ಬಂದಿದ್ದರು. ನಾವು ಅಲ್ಲಿಗೆ ಬಂದ ದಿನ ಅಪ್ಪ ಕಾಳಗದ ಕಥೆಯನ್ನು ಅವ್ವನಿಗೆ ಬಿಡಿಸಿ ಹೇಳಿದ.

“ರಾಜಾಂದು ಒಂದ ಪಾರ್ಟಿ, ಪಂಚರದು ಒಂದ ಪಾರ್ಟಿ. ರಾಜಾನ ಮಂದಿ ಒಳಗ ಇದ್ರು, ಪಂಚರ ಮಂದಿ ಹೊರಗ ನಿಂತು ಗುಂಡ ಹೊಡದ್ರು.”

“ಹೊರಗಿನವರು ಬ್ಯಾರೆ ದೇಶದವರೇನು?”

“ಅಲ್ಲ ಬೇ. ಇದ ಊರವರು, ಇದ ಮಂದಿ.”

“ಹಂಗಾರ ಅಣ್ಣತಮ್ಮರ ಜಗಳ. ಹೊಲದ ಬದುವಿನ ಸಲುವಾಗಿ ಇರಬೇಕು,” ಎಂದಳು ಅವ್ವ. “ಜಗಳ ಮುಗಿದ ಮ್ಯಾಲ ಗ್ವಾಡಿ ಮೆತ್ತಾಕ ಯಾರಿಗೂ ಕೈ ಇರಲಿಲ್ಲೇನು?”

ಅವತ್ತೇ ಅಪ್ಪ ಅವಳಿಗೆ ಗಟ್ಟಿಯಾಗಿ ಹೇಳಿಬಿಡಬೇಕಿತ್ತು, ಆ ಗೋಡೆ ಮುಟ್ಟಬೇಡ ಎಂದು. ಹೇಳಲಿಲ್ಲ. ತೂತು ಮುಚ್ಚಬಾರದು ಎಂದು ಯಾರಿಗಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಅಪ್ಪ ವಿಜಾಪುರದ ಕಡೆಯ ಪಿಂಜಾರ. ನಾವು ಮುಸಲ್ಮಾನರು, ಮನೆಮಾತು ಕನ್ನಡ. ಹಿರಿಯರು ಬಿಲ್ಲು ಹಿಡಿದು ಅರಳೆ ಹಿಂಜಿ ಗಾದಿ ತುಂಬುತ್ತಿದ್ದವರು. ಅಪ್ಪ ಲೀಡ್ಸಿಗೆ ಬಂದು ಉಣ್ಣೆ ಗಿರಣಿ ಸೇರಿದ. ಅಲ್ಲಿಯೂ ಅದೇ ಹಿಂಜುವ ಕೆಲಸ, ಬಿಲ್ಲಿನ ಬದಲು ಮಷೀನು. ನಾಲ್ಕೇ ವರ್ಷಕ್ಕೆ ಎದೆಯೊಳಗೆ ಧೂಳು ಕೂತು ಕೆಮ್ಮು ಹಿಡಿಯಿತು. ಗಿರಣಿ ಬಿಡು, ಇಲ್ಲವೇ ಜೀವ ಬಿಡು ಎಂಬ ಮಾತನ್ನು ಡಾಕ್ಟರು ಬಹಳ ಮೆತ್ತಗೆ ಹೇಳಿದರು. ಗಿರಣಿಯ ಗೆಳೆಯನೊಬ್ಬ ಈ ಮನೆಯ ಸುದ್ದಿ ತಂದ. ಇರಲು ಜಾಗ, ಒಲೆಗೆ ಕಲ್ಲಿದ್ದಲು, ಕೈಗೆ ಸಣ್ಣ ಸಂಬಳ. ದಿಬ್ಬದ ಗಾಳಿಗೆ ಅಪ್ಪನ ಕೆಮ್ಮು ಒಂದು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಆ ಮನೆ ಹೋದರೆ ಮತ್ತೆ ಗಿರಣಿ, ಗಿರಣಿಗೆ ಹೋದರೆ ಅಪ್ಪ ಇಲ್ಲ. ಇದನ್ನು ನನಗೆ ಯಾರೂ ಕೂರಿಸಿ ಹೇಳಲಿಲ್ಲ, ಗೊತ್ತಿತ್ತು. ಇನ್ನು ಅವ್ವ. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಸುಣ್ಣ ಬರುತ್ತಿತ್ತು. ಹುಡುಗಿಯಾಗಿದ್ದಾಗ ಸುಣ್ಣದ ಭಟ್ಟಿಯಲ್ಲಿ ಕೂಲಿ ಮಾಡಿದವಳು. ಎರಡು ಬೆರಳಲ್ಲಿ ತಿಕ್ಕಿ ನೋಡಿ ಸುಣ್ಣ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳುತ್ತಿದ್ದಳು. ನನ್ನ ಹೆಸರು ದಾವಲಬಿ. ಶಾಲೆಯಲ್ಲಿ ಅದನ್ನು ಡಾಲಿ ಮಾಡಿದ್ದರು. ನನಗೆ ಓದು ಹತ್ತಲಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತಿದ್ದವು. ಟೀಚರಮ್ಮ ಸ್ವಲ್ಪ ದಿನ ನೋಡಿ, ಕೊನೆಯ ಬೆಂಚಿಗೆ ಕೂರಿಸಿ ಕೈಗೆ ಬಣ್ಣದ ಕಡ್ಡಿ ಕೊಟ್ಟರು. ದಡ್ಡಿ ಎಂಬ ಹೆಸರು ಹೀಗೆ ಬಂತು, ಬಂದು ಮನೆಗೂ ಮುಟ್ಟಿತು. ಕನ್ನಡ ಅಕ್ಷರವನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ನನ್ನ ಮನೆಯಲ್ಲಿ ಬಾಡಿಗೆಗಿದ್ದ ಯೂನಿವರ್ಸಿಟಿಯ ಹುಡುಗಿಯೊಬ್ಬಳಿಂದ. ಅದೂ ಗುದ್ದಾಡಿ.

ಅಡಿಗೆಮನೆ ಎಂದರೆ ಈಗಿನ ಮನೆಗಳ ಕಿಚನ್ನಿನ ಹಾಗಲ್ಲ. ಎತ್ತು ಕಟ್ಟಬಹುದಾದಷ್ಟು ದೊಡ್ಡದು. ಒಂದು ಬದಿಗೆ ಆಳೆತ್ತರದ ಕಲ್ಲಿನ ಒಲೆ, ಅದರ ಮಗ್ಗುಲಿಗೇ ಆ ತೂತಿನ ಗೋಡೆ, ಗೋಡೆಯ ಇನ್ನೊಂದು ತುದಿಗೆ ಸಣ್ಣ ಸಂದು ಬಿಟ್ಟು ನಿಂತ ಹಳೆಯ ಮರದ ಹಿಟ್ಟಿನ ಪೆಟ್ಟಿಗೆ. ಪೆಟ್ಟಿಗೆ ಎಷ್ಟು ಭಾರ ಎಂದರೆ ನಾವಿದ್ದಷ್ಟು ದಿನ ಅದನ್ನು ಯಾರೂ ಸರಿಸಿರಲಿಲ್ಲ. ಅಲ್ಲಿ ಜೋಳ ಸಿಗುತ್ತಿರಲಿಲ್ಲ. ಆ ಕಡೆಯ ಜನ ಗಂಜಿ ಕುಡಿಯುವ ಓಟ್ಸನ್ನು ಅವ್ವ ಬೀಸಿ, ಬಿಸಿನೀರಲ್ಲಿ ನಾದಿ, ಗೋಧಿ ಹಿಟ್ಟು ಬೆರೆಸಿ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾವು ನೆಲದ ಮೇಲೇ ಊಟಕ್ಕೆ ಕೂರುತ್ತಿದ್ದೆವು, ಗೋಡೆಗೆ ಮುಖ ಮಾಡಿ. ಭಾನುವಾರ ಮಾತ್ರ ಊಟ ಅರ್ಧಕ್ಕೇ ನಿಲ್ಲುತ್ತಿತ್ತು. ಮಿಸ್ಟರ್ ಹೋಲ್ರಾಯ್ಡ್ ಎಂಬ ರಿಟೈರಾದ ಮೇಷ್ಟ್ರು ಟ್ರಸ್ಟಿನ ಸೆಕ್ರೆಟರಿ. ಅವನು ಹತ್ತಿಪ್ಪತ್ತು ಜನರನ್ನು ಕರೆದುಕೊಂಡು ಸೀದಾ ನಮ್ಮ ಅಡಿಗೆಮನೆಗೆ ನುಗ್ಗುತ್ತಿದ್ದ. ಚಪ್ಪಲಿ ಬಿಡುವುದಂತೂ ದೂರವೇ ಉಳಿಯಿತು, ಪರಾತದಲ್ಲಿದ್ದ ಹಿಟ್ಟನ್ನು ದಾಟಿಕೊಂಡು ಹೋಗುತ್ತಿದ್ದ. ಬೆಳ್ಳಿಯ ಹಿಡಿಯ ಕೋಲಿನಿಂದ ಗೋಡೆ ಮುಟ್ಟಿ ಮುಟ್ಟಿ ತೂತು ಎಣಿಸುತ್ತಿದ್ದ. ಪುಸ್ತಕದಲ್ಲಿ ಇಪ್ಪತ್ತಮೂರು ಎಂದು ಬರೆದಿತ್ತಂತೆ, ಗೋಡೆಯ ಮೇಲಿನ ಹಲಗೆಯಲ್ಲೂ ಹಾಗೇ ಬರೆದಿತ್ತು. ಆದರೆ ಗೋಡೆಯಲ್ಲಿ ಕಾಣುತ್ತಿದ್ದದ್ದು ಇಪ್ಪತ್ತೆರಡು. ಅವನು ಇಪ್ಪತ್ತಕ್ಕೆ ಬಂದ ಮೇಲೆ ಕೋಲನ್ನು ಗಾಳಿಯಲ್ಲಿ ಬೀಸಿ “ಹೀಗೆ ಇಪ್ಪತ್ತಮೂರು” ಎಂದುಬಿಡುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಗೋಡೆ ಎಷ್ಟು ಕೆಟ್ಟಿದೆ ಎಂದು ರಿಪೇರಿಗೆ ಲೆಕ್ಕ ಹಾಕುತ್ತಾನೆ ಎಂದೇ ಅವ್ವ ತಿಳಿದಿದ್ದಳು. ನಮಗೆ ಒಂದು ಕಣ್ಣಿಗೂ ಬೆಣ್ಣೆ ಇಟ್ಟವನಲ್ಲ, ಎರಡಕ್ಕೂ ಸುಣ್ಣವೇ. ಮನೆಯಲ್ಲಿ ಈರುಳ್ಳಿ ವಾಸನೆ ಎಂದು ಟ್ರಸ್ಟಿಗೆ ಎರಡು ಸಲ ಕಾಗದ ಬರೆದಿದ್ದ.

ಇಪ್ಪತ್ತೆರಡೇ ಎಂದು ನನಗೆ ಗೊತ್ತಾದದ್ದು ಬೇರೆ ದಾರಿಯಲ್ಲಿ. ಊರಲ್ಲಿದ್ದ ಬಳಗವನ್ನು ನಾನು ಮರೆತುಬಿಡುತ್ತೇನೆ ಎಂಬ ಭಯ ಅವ್ವನಿಗೆ. ನಾಲ್ಕು ವರ್ಷದವಳಿದ್ದಾಗ ಬಿಟ್ಟು ಬಂದ ಜನ, ಫೋಟೋ ಇಲ್ಲ, ಕಾಗದ ಬರೆಯಲು ಯಾರಿಗೂ ಬಾರದು. ಅದಕ್ಕೆ ಅವಳು ರೊಟ್ಟಿ ಬಡಿಯುವಾಗ ದಿನಾ ನನ್ನ ಕೈಲಿ ಹಾಜರಿ ಹೇಳಿಸುತ್ತಿದ್ದಳು. ಒಂದು ರೊಟ್ಟಿಗೆ ಒಬ್ಬರಂತೆ ಶುರುವಾಗಿ, ರೊಟ್ಟಿ ಮುಗಿದರೂ ಹೆಸರು ಮುಗಿಯುತ್ತಿರಲಿಲ್ಲ.

“ಹುಸೇನ ಕಾಕಾ ಆದ. ಮುಂದ ಯಾರು?”

“ಮೌಲಾ ಮಾಮಾ.”

“ಆಮ್ಯಾಲ?”

“ಫಾತಿಮಾ ಚಿಗವ್ವ. ಬೂಬವ್ವ ಆಯಿ.”

“ಎಲ್ಲಾರಕಿಂತ ಕಡೀಕ?”

“ಖಾದಿರಜ್ಜ. ಕಣಜದ ಹಿಂದ ಮಲಗ್ಯಾನ.”

ಖಾದಿರಜ್ಜ ಅವ್ವನ ಸೋದರಮಾವ. ಕೆಲಸ ಎಂದರೆ ಕಾಳಿನ ಕಣಜದ ಹಿಂದೆ ಹೋಗಿ ಮಲಗುವವನು. ಅವನ ಹೆಸರಿಗೆ ಬಂದಾಗ ಅವ್ವ ನಗುತ್ತಿದ್ದಳು, ಹಾಜರಿ ಮುಗಿಯುತ್ತಿತ್ತು. ಅವ್ವ ನನ್ನ ಬಾಯಿ ನೋಡುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ. ಮುಖ ನೆನಪಿಲ್ಲದವರ ಹೆಸರು ಬರೀ ಬಾಯಲ್ಲಿ ಎಷ್ಟು ದಿನ ನಿಂತೀತು? ನಾನು ಒಂದೊಂದು ತೂತಿಗೆ ಒಬ್ಬರನ್ನು ಕೂರಿಸಿದ್ದೆ. ಒಲೆಯ ಕಲ್ಲಿನಿಂದ ಎರಡು ಗೇಣು ಆಚೆ, ನಾಲ್ಕು ಬೆರಳು ಮೇಲೆ ಹುಸೇನ ಕಾಕಾ. ಅವನಿಂದ ಒಂದು ಗೇಣು ಕೆಳಗೆ ಮೌಲಾ ಮಾಮಾ, ಇಬ್ಬರೂ ಮಾತು ಬಿಟ್ಟಿದ್ದರಂತೆ, ಅದಕ್ಕೆ ನಡುವೆ ಜಾಗ. ಮರೆಯದಿರಲೆಂದು ಒಬ್ಬೊಬ್ಬರ ತೂತಿನೊಳಗೂ ಒಂದೊಂದು ಸಾಮಾನು ಇಟ್ಟಿದ್ದೆ. ಹುಣಸೆ ಬೀಜ, ಅಂಗಿಯ ಗುಂಡಿ, ಒಡೆದ ಬಳೆಯ ಚೂರು, ಚಾಕೊಲೇಟಿನ ಬೆಳ್ಳಿ ಕಾಗದ. ಬೂಬವ್ವ ಆಯಿಗೆ ಹಲ್ಲಿರಲಿಲ್ಲ ಎಂದು ನನ್ನ ಬಿದ್ದ ಹಲ್ಲು. ಮೇಲಿನ ತೂತುಗಳಿಗೆ ಸ್ಟೂಲು ಹಾಕಿಕೊಳ್ಳುತ್ತಿದ್ದೆ. ಹೀಗೆ ಇಪ್ಪತ್ತೆರಡು ಜನ ಕೂತರು, ಖಾದಿರಜ್ಜನಿಗೆ ಜಾಗ ಸಾಲಲಿಲ್ಲ. ಒಂದು ದಿನ ಗೋಲಿ ಹಿಟ್ಟಿನ ಪೆಟ್ಟಿಗೆಯ ಹಿಂದೆ ಉರುಳಿತು. ನಾನು ಕಡ್ಡಿಯ ಹಾಗಿದ್ದೆ, ಗೋಡೆಗೂ ಪೆಟ್ಟಿಗೆಗೂ ನಡುವೆ ತೂರಿಕೊಂಡೆ. ಕತ್ತಲಲ್ಲಿ ತಡವಿದ ಬೆರಳಿಗೆ ಗೋಡೆಯಲ್ಲಿ ಇನ್ನೊಂದು ತೂತು ಸಿಕ್ಕಿತು. ಅದರ ಆಳದಲ್ಲಿ ಯಾವುದೋ ತಣ್ಣಗಿನ, ಉರುಟಾದ ವಸ್ತು ಸಿಕ್ಕಿಕೊಂಡಿತ್ತು. ಕೀಳಲು ಬರಲಿಲ್ಲ. ಯಾರದೋ ಹಳೆಯ ಗೋಲಿ ಎಂದುಕೊಂಡೆ. ಖಾದಿರಜ್ಜನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೆ? ಯಾರಿಗೂ ಹೇಳಲಿಲ್ಲ. ದಡ್ಡಿಯನ್ನು ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಜರಡಿ ತೂಗುಹಾಕಲು ಅವ್ವ ಒಮ್ಮೆ ಅದೇ ಗೋಡೆಗೆ ಮೊಳೆ ಹೊಡೆದಳು. ಹಳೆಯ ಗಾರೆ, ಎರಡೇ ದಿನಕ್ಕೆ ಮೊಳೆ ಹೆಂಟೆಯ ಸಮೇತ ಕಿತ್ತು ಬಂತು. ಉಳಿದದ್ದು ಒಂದು ದುಂಡನೆಯ ತೂತು. ಮುಂದಿನ ಭಾನುವಾರ ಹೋಲ್ರಾಯ್ಡ್ ಎಣಿಸುತ್ತ ಎಣಿಸುತ್ತ ಅಲ್ಲಿಗೆ ಬಂದು ನಿಂತ. ಅವನ ಮುಖ ಅರಳಿತು. ಕಳೆದುಹೋದ ಎಮ್ಮೆ ಸಿಕ್ಕಿದವನ ಹಾಗೆ “ಇಪ್ಪತ್ತಮೂರು!” ಎಂದ. ತಿಂಗಳೊಳಗೆ ಅದಕ್ಕೊಂದು ಕಥೆಯೂ ಹುಟ್ಟಿತು. ರಾಜನ ಕಡೆಯ ಸರದಾರನೊಬ್ಬನ ಟೋಪಿಯ ಗರಿ ಹಾರಿಸಿಕೊಂಡು ಬಂದ ಗುಂಡು ಇದೇ ಅಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ರಟ್ಟೆ ಚಿವುಟಿದ.

ಆ ವರ್ಷ ರಂಜಾನ್ ಕಡು ಚಳಿಯಲ್ಲಿ ಬಂತು. ಹಗಲು ಸಣ್ಣದು, ಉಪವಾಸ ಹಗುರ. ಹಬ್ಬದ ಮರುದಿನವೇ ಕಾಳಗದ ನೆನಪಿನ ದಿನ ಬಿದ್ದಿತ್ತು. ವರ್ಷಕ್ಕೊಮ್ಮೆ ಅವತ್ತು ಸುತ್ತಲಿನ ಊರವರೆಲ್ಲ ಸೇರಿ, ಎರಡೂ ಕಡೆ ಸತ್ತವರಿಗೆ ಹೂ ಇಟ್ಟು, ಸಾಲಾಗಿ ಬಂದು ಗೋಡೆ ನೋಡಿಕೊಂಡು ಹೋಗುತ್ತಿದ್ದರು. ನಮ್ಮ ಊರ ಕಡೆ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹಚ್ಚಲೇಬೇಕು. ಕೂಲಿ ಮಾಡುವವರ ಗುಡಿಸಲಾದರೂ ಸರಿ, ಗೋಡೆಯ ಬಿರುಕು ತೂತು ಮೆತ್ತಿ, ಸುಣ್ಣ ಬಳಿದು, ಆಮೇಲೆಯೇ ಶಾವಿಗೆ. ಅಲ್ಲದೆ ಈ ಸಲ ನಮ್ಮ ಹಬ್ಬದ ಬೆನ್ನಿಗೇ ಅವರ ಹಬ್ಬ, ಮನೆ ತುಂಬ ಜನ. ಅವ್ವ ಸುಮ್ಮನೆ ಹೇಗೆ ಕೂತಾಳು? ಹಬ್ಬದ ಹಿಂದಿನ ದಿನ ಅಪ್ಪ ಶಾವಿಗೆ, ಖರ್ಜೂರ ತರಲು ಲೀಡ್ಸಿಗೆ ಹೋಗಿದ್ದ. ನಾನು ಶಾಲೆಗೆ ಹೋಗಿದ್ದೆ. ಕುದುರೆ ಲಾಯದಲ್ಲಿ ಟ್ರಸ್ಟಿನ ಗೌಂಡಿಗಳು ಬಿಟ್ಟುಹೋದ ಒಂದು ಪೀಪಾಯಿ ನೆನೆಸಿದ ಸುಣ್ಣ ಇತ್ತು. ಅವ್ವ ಮುಚ್ಚಳ ತೆಗೆದು, ಬೆರಳಲ್ಲಿ ತಿಕ್ಕಿ ನೋಡಿ, ಬೆಣ್ಣೆಯಂತಿದೆ ಎಂದುಕೊಂಡು ಬಕೆಟ್ಟಿಗೆ ತುಂಬಿಕೊಂಡಿದ್ದಾಳೆ.

ಸಂಜೆಗೆ ಮುಂಚೆ ನಾನು ಬಂದು ನೋಡುತ್ತೇನೆ, ಗೋಡೆ ಹಾಲಿನ ಕೆನೆಯ ಹಾಗಿದೆ. ಒಂದು ತೂತಿಲ್ಲ, ಒಂದು ಗೆರೆ ಇಲ್ಲ. ಹಲಗೆಯೊಂದು ಮಾತ್ರ ಅಲ್ಲೇ ತೂಗುತ್ತಿತ್ತು. ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಮೂಗಿನ ತುದಿಗೂ ಸುಣ್ಣ. ಅಪ್ಪ ಚೀಲ ಹಿಡಿದುಕೊಂಡು ಒಳಗೆ ಬಂದ. ಚೀಲ ಕೆಳಗೆ ಬಿತ್ತು, ಖರ್ಜೂರ ಒಲೆಯವರೆಗೂ ಉರುಳಿದವು.

“ಏನ ಮಾಡೀ ಬೇ ಇದು? ಎಲ್ಲಿ ಹ್ವಾದ್ವು ಅವು?”

“ಎಲ್ಲಿ ಹೋಗ್ತಾವ? ಮೆತ್ತೀನಿ. ನಾಳೆ ಹಬ್ಬ, ನಾಡದ ಊರ ಮಂದಿ ಬರ್ತಾರ. ಜರಡಿಯಂಥಾ ಗ್ವಾಡಿ ಇಟ್ಕೊಂಡು ಕುಂಡ್ರಬೇಕೇನು?”

“ಅದನ್ನ ನೋಡಾಕ ಬರ್ತಾರ ಅವರು! ತೂತ ನೋಡಾಕ!”

“ತೂತ ನೋಡಾಕ ಬಸ್ಸ ಹತ್ತಿ ಬರ್ತಾರೇನು? ಅವರ ಮನ್ಯಾಗ ಇಲ್ಲೇನು?”

ಅಪ್ಪ ಸ್ಟೂಲಿನ ಮೇಲೆ ಕೂತ. ಬಹಳ ದಿನದ ಮೇಲೆ ಅವನಿಗೆ ಮೊದಲಿನ ಕೆಮ್ಮು ಬಂತು, ಬಗ್ಗಿ ಬಗ್ಗಿ ಕೆಮ್ಮಿದ. ಆಗ ಅವ್ವನ ಮುಖ ಇಳಿಯಿತು. ಆಮೇಲೆ ಇಬ್ಬರೂ ಗೋಡೆಯ ಮುಂದೆ ನಿಂತು ಹುಡುಕಿದರು. ಅವ್ವನ ಕೈ ಅಂಥದ್ದು, ಎಲ್ಲಿ ಮೆತ್ತಿದ್ದಾಳೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಅಂದಾಜಿಗೆ ಚುಚ್ಚಿದರೆ ಹೊಸ ತೂತಾಗುತ್ತದೆ, ಮುನ್ನೂರು ವರ್ಷದ ಗೋಡೆಗೆ ನಮ್ಮ ಗಾಯ ಬೇರೆ.

“ನನಗ ಗೊತ್ತೈತಿ, ಎಲ್ಲೆಲ್ಲಿ ಅದಾವಂತ,” ಎಂದೆ.

“ಸುಮ್ಮನ ಇರು ದಾವಲಿ,” ಎಂದ ಅಪ್ಪ. “ಎರಡ ಅಕ್ಷರ ಓದಾಕ ಬರೂದಿಲ್ಲ, ಗ್ವಾಡಿ ಓದ್ತಾಳಂತ.”

ಮಾತು ನಾಟಿತು. ಬಗ್ಗಿ ಖರ್ಜೂರ ಹೆಕ್ಕತೊಡಗಿದೆ. ಹಬ್ಬದ ನಮಾಜು ಮುಗಿಸಿಕೊಂಡು ಬಂದು ತಾನೇ ಹೋಲ್ರಾಯ್ಡ್‌ನ ಮನೆಗೆ ಹೋಗಿ ಹೇಳುತ್ತೇನೆ ಎಂದ ಅಪ್ಪ. ಅವ್ವ ಅವತ್ತೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಒಂದು ಬೋಗುಣಿ, ಮೂರು ಬಟ್ಟಲು ಮಾತ್ರ ಹೊರಗಿಟ್ಟಳು, ಸುರಕುಂಬಾಕ್ಕೆ. ಶಾವಿಗೆ, ಹಾಲು, ಖರ್ಜೂರ ಹಾಕಿ ಮಾಡುವ ಹಬ್ಬದ ಪಾಯಸ ಅದು. ಬೀದಿಗೆ ಬಿದ್ದರೂ ಅದನ್ನು ಬಿಡುವವಳಲ್ಲ.

ಹಬ್ಬದ ಬೆಳಿಗ್ಗೆ ಅಪ್ಪ ಮೊದಲ ಬಸ್ಸಿಗೆ ಲೀಡ್ಸಿಗೆ ಹೋಗಿ ನಮಾಜು ಮಾಡಿ ಬಂದ. ನಾವು ಬಟ್ಟಲು ಹಿಡಿದು ಕೂತಿದ್ದೇವೆ, ಬಾಗಿಲು ತೆರೆಯಿತು. ಹೋಲ್ರಾಯ್ಡ್ ಒಂದು ದಿನ ಮುಂಚೆಯೇ ಬಂದಿದ್ದ, ಕುರ್ಚಿ ಹಾಕಿಸಲು. ಜೊತೆಗೆ ಟ್ರಸ್ಟಿನ ಹಿರಿಯಾಕೆ ಮಿಸೆಸ್ ಪಿಕರಿಂಗ್, ಎಂಬತ್ತರ ಮುದುಕಿ, ಕಿವಿಗೆ ಮಷೀನು. ಹೋಲ್ರಾಯ್ಡ್ ಗೋಡೆ ನೋಡಿದ. ಅವನ ಮುಖ ಗೋಡೆಗಿಂತ ಬೆಳ್ಳಗಾಯಿತು. ಅವನ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

“ಮುನ್ನೂರು ವರ್ಷ! ಮುನ್ನೂರು ವರ್ಷ ಉಳಿದದ್ದನ್ನು ಒಂದು ಬಕೆಟ್ಟಿನಲ್ಲಿ ಕೊಂದಿದ್ದಾರೆ! ವಾರದೊಳಗೆ ಇವರು ಖಾಲಿ ಮಾಡಬೇಕು. ವಾರವೇಕೆ, ನಾಳೆಯೇ.”

“ಏನ ಅಂತಾನ ಅವ?” ಎಂದಳು ಅವ್ವ.

“ನಾಳೆ ಮನಿ ಬಿಡ್ರಿ ಅಂತಾನ,” ಎಂದೆ.

“ಕೇಳ ಅವನ್ನ. ಹಿಟ್ಟ ದಾಟಿ ದಾಟಿ ಬರ್ತಿದ್ದನಲ್ಲ, ಗ್ವಾಡಿ ಮುಟ್ಟಬ್ಯಾಡಂತ ಒಂದ ಸಲ ಹೇಳಿದ್ನೇನು ನನಗ?”

ಮಿಸೆಸ್ ಪಿಕರಿಂಗ್ ಕಿವಿಯ ಮಷೀನು ತಿರುಗಿಸಿಕೊಂಡು, ಅಮ್ಮ ಏನೆಂದಳು ಎಂದು ನನ್ನನ್ನು ಕೇಳಿದರು. ನಾನು ಇದ್ದದ್ದು ಇದ್ದ ಹಾಗೇ ಹೇಳಿದೆ, ಹಿಟ್ಟು ದಾಟುವುದನ್ನೂ ಸೇರಿಸಿ. 'ಮೇಡಂ' ಎಂದು ಸೇರಿಸಲಿಲ್ಲ. ಅಪ್ಪ ಟೋಪಿ ಕೈಯಲ್ಲಿ ಹಿಡಿದು ಸಾರಿ, ಸಾರಿ ಎನ್ನುತ್ತಿದ್ದ. ಗಿರಣಿಯಲ್ಲಿ ಅವನು ಕಲಿತ ಮೊದಲ ಇಂಗ್ಲಿಷ್ ಮಾತು ಅದೇ ಇರಬೇಕು. ಅವನು ಅದನ್ನು ಹೇಳುವುದು ನನಗೆ ನೋಡಲಾಗಲಿಲ್ಲ. ಸುರಕುಂಬಾದ ಚಮಚವನ್ನು ನೆಕ್ಕಿ, ತಿರುಗಿಸಿ ಹಿಡಿಕೆ ಮುಂದೆ ಮಾಡಿಕೊಂಡು ಗೋಡೆಗೆ ಹೋದೆ. ಒಲೆಯ ಕಲ್ಲಿನಿಂದ ಎರಡು ಗೇಣು ಅಳೆದೆ, ನಾಲ್ಕು ಬೆರಳು ಮೇಲೆ ಇಟ್ಟೆ.

“ಹುಸೇನ ಕಾಕಾ,” ಎಂದು ಚುಚ್ಚಿದೆ.

“ಈಗ ಹೊಸ ತೂತು ಬೇರೆ ಕೊರೆಯುತ್ತಿದ್ದಾಳೆ!” ಎಂದು ಹೋಲ್ರಾಯ್ಡ್ ಕೂಗಿದ.

ಚಳಿಗೆ ಸುಣ್ಣ ಇನ್ನೂ ಹಸಿಯಾಗಿತ್ತು. ಗಟ್ಟಿ ಮೊಸರಿನ ಹಾಗೆ ಹೆಪ್ಪು ಹೆಪ್ಪಾಗಿ ಹೊರಗೆ ಬಂತು, ಅದರ ಹಿಂದೆಯೇ ಒಂದು ಹುಣಸೆ ಬೀಜ ಟಕ್ಕೆಂದು ನೆಲಕ್ಕೆ ಬಿತ್ತು. ಒಳಗೆ ಹಳೆಯ ತೂತು ಹಳೆಯ ಕಪ್ಪಿನ ಸಮೇತ ಹಾಗೇ ಇತ್ತು. ಮಿಸೆಸ್ ಪಿಕರಿಂಗ್ ಬಗ್ಗಿ ನೋಡಿದರು. ಹೋಲ್ರಾಯ್ಡ್‌ಗೆ ಕೈಸನ್ನೆ ಮಾಡಿ, ಸುಮ್ಮನಿರಿ ಎಂದರು. ನಾನು ಒಂದು ಗೇಣು ಕೆಳಗಿಳಿದೆ. ಮೌಲಾ ಮಾಮಾ, ಗುಂಡಿ ಬಂತು. ಫಾತಿಮಾ ಚಿಗವ್ವ, ಹಸಿರು ಬಳೆಯ ಚೂರು ಬಂತು. ಒಂದೊಂದು ತೂತೂ ತಾನೇ ಸಾಕ್ಷಿ ಹೇಳತೊಡಗಿತು. ಅಪ್ಪ ಸಾರಿ ಹೇಳುವುದನ್ನು ನಿಲ್ಲಿಸಿ, ಚೀಲಕ್ಕೆ ಹಿಡಿಸದೆ ಉಳಿದಿದ್ದ ಪರಾತ ತಂದು ಗೋಡೆಯ ಕೆಳಗೆ ಹಿಡಿದ. ಮೇಲಿನವಕ್ಕೆ ನನ್ನನ್ನು ಎತ್ತಿಕೊಂಡ. ಅವ್ವನಿಗೆ ಆಗ ತಿಳಿಯಿತು.

“ಅಯ್ಯ ಇಕಿನ! ಬಳಗದವರನ್ನೆಲ್ಲಾ ಗ್ವಾಡ್ಯಾಗ ಕುಂಡ್ರಿಸೀಯೇನ? ಹಂಗಾರ ನಾ ನಿಮ್ಮ ಕಾಕಾಗ ಸುಣ್ಣ ಹಚ್ಚೀನಿ!”

“ಸಿಮೆಂಟ್ ಹಚ್ಚಿದ್ದೀ ಅಂದ್ರ ಅಲ್ಲೇ ಗೋರಿ ಆಗತಿದ್ದ,” ಎಂದ ಅಪ್ಪ. ಹಿಂದಿನ ದಿನದಿಂದ ಅವನು ಆಡಿದ ಮೊದಲ ತಮಾಷೆ ಮಾತು.

ಬೂಬವ್ವ ಆಯಿಯ ತೂತಿನಿಂದ ಹಲ್ಲು ಬಿತ್ತು. ಹೋಲ್ರಾಯ್ಡ್ ಸಿಟ್ಟು ಮರೆತು ಮೊಣಕಾಲೂರಿದ, ಕರವಸ್ತ್ರದಲ್ಲಿ ಅದನ್ನು ಎತ್ತಿಕೊಂಡ.

“ಹಲ್ಲು! ಮನುಷ್ಯನ ಹಲ್ಲು! ಸೈನಿಕನದೇ ಇರಬೇಕು.”

“ನನ್ನದು,” ಎಂದು ಬಾಯಿ ತೆರೆದು ಜಾಗ ತೋರಿಸಿದೆ.

ಮಿಸೆಸ್ ಪಿಕರಿಂಗ್ ನಕ್ಕರು. ಕಿವಿಯ ಮಷೀನು ಕುಂಯ್ ಎನ್ನುವಷ್ಟು ನಕ್ಕರು. ನಾನು ನಿಲ್ಲಿಸಲಿಲ್ಲ. ಇಪ್ಪತ್ತೆರಡೂ ಆದವು, ಒಂದು ಕಡೆಯೂ ತಪ್ಪು ಚುಚ್ಚಲಿಲ್ಲ. ಹೋಲ್ರಾಯ್ಡ್ ಕೋಲಿನಿಂದ ಎಣಿಸಿದ. ಎರಡು ಸಲ ಎಣಿಸಿದ. ಅವನಿಗೆ ಹಿಡಿಯಲು ಕೊನೆಗೂ ಒಂದು ಕೊಂಬೆ ಸಿಕ್ಕಿತು.

“ಇಪ್ಪತ್ತೆರಡು. ಪುಸ್ತಕದಲ್ಲಿರುವುದು ಇಪ್ಪತ್ತಮೂರು. ಸರದಾರನ ಗರಿ ಹಾರಿಸಿದ ಗುಂಡು ಎಲ್ಲಿ? ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಕಳೆದಿದ್ದಾರೆ, ನೋಡಿದಿರಾ?”

“ಅದು ಗುಂಡಲ್ಲ,” ಎಂದೆ. “ಅವ್ವ ಜರಡಿ ತೂಗುಹಾಕಲು ಹೊಡೆದ ಮೊಳೆ.”

ಅಪ್ಪ ಕಣ್ಣು ಮುಚ್ಚಿಕೊಂಡ. ಹೋಲ್ರಾಯ್ಡ್‌ನ ಕಿವಿ ಕೆಂಪಗಾದವು. ಅವ್ವ, ದಿನಾ ರೊಟ್ಟಿ ಬಡಿಯುವಾಗ ಕೇಳುವ ಹಾಗೇ ಕೇಳಿದಳು:

“ಇಪ್ಪತ್ತೆರಡು ಮಂದಿ ಆದ್ರು. ಎಲ್ಲಾರಕಿಂತ ಕಡೀಕ ಯಾರು ಬೇ?”

“ಖಾದಿರಜ್ಜ. ಹಿಟ್ಟಿನ ಪೆಟ್ಟಿಗಿ ಹಿಂದ ಮಲಗ್ಯಾನ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಇಂಗ್ಲಿಷಿನಲ್ಲಿ, ಪೆಟ್ಟಿಗೆ ಸರಿಸಿ ಎಂದೆ. ಮಿಸೆಸ್ ಪಿಕರಿಂಗ್ ಹೋಲ್ರಾಯ್ಡ್ ಕಡೆ ನೋಡಿದರು. ಅವನು ಕೋಟು ಬಿಚ್ಚಿದ. ಒಂದು ಕಡೆ ಅವನು, ಒಂದು ಕಡೆ ಅಪ್ಪ, ನಡುವೆ ಅವ್ವ. ಪೆಟ್ಟಿಗೆ ಕಿರುಗುಟ್ಟಿ ಒಂದು ಮೊಳ ಸರಿಯಿತು. ಅದು ಕಾಳಗವಾಗಿ ಎಷ್ಟೋ ಕಾಲದ ಮೇಲೆ ಆ ಮನೆಗೆ ಬಂದ ಪೆಟ್ಟಿಗೆಯಂತೆ. ಹಿಂದಿನ ಗೋಡೆಯನ್ನು ಅವ್ವನ ಸುಣ್ಣವೂ ಮುಟ್ಟಿರಲಿಲ್ಲ, ಹೋಲ್ರಾಯ್ಡ್‌ನ ಕೋಲೂ ಮುಟ್ಟಿರಲಿಲ್ಲ. ಇಪ್ಪತ್ತಮೂರನೆಯ ತೂತು ಅಲ್ಲಿತ್ತು. ಅದರೊಳಗೆ ನಾನು ಗೋಲಿ ಎಂದುಕೊಂಡದ್ದು ಇತ್ತು, ಮಂಕು ಬಣ್ಣದ್ದು, ಒಂದು ಬದಿ ಚಪ್ಪಟೆ. ಹೋಲ್ರಾಯ್ಡ್ ಬೆಂಕಿಕಡ್ಡಿ ಗೀರಿ ನೋಡಿದ. ಕಡ್ಡಿ ಬೆರಳು ಸುಡುವವರೆಗೂ ನೋಡಿದ. ಸೀಸದ ಗುಂಡು, ಎಂದ. ಇಡೀ ಮನೆಯಲ್ಲಿ ಗುಂಡಿನ ತೂತುಗಳಿದ್ದವೇ ಹೊರತು ಒಂದು ಗುಂಡನ್ನೂ ಯಾರೂ ಕಂಡಿರಲಿಲ್ಲ. ಅವನ ದನಿ ಸಣ್ಣದಾಗಿತ್ತು. ಮಿಸೆಸ್ ಪಿಕರಿಂಗ್ ಕೈಗವಸು ತೆಗೆದು ಬೆರಳು ಹಾಕಿ ಮುಟ್ಟಿದರು. ಆಮೇಲೆ ಕುರ್ಚಿಗೆ ಕಾಯದೆ ಸ್ಟೂಲಿನ ಮೇಲೇ ಕೂತರು.

“ಇಷ್ಟು ವರ್ಷ ಈ ಮನೆಗೆ ಕಾಯುವವರನ್ನು ಇಟ್ಟೆವು,” ಎಂದರು. “ಎಣಿಸಬಲ್ಲವರು ಈಗ ಸಿಕ್ಕಿದ್ದಾರೆ. ಇವರು ಎಲ್ಲಿಗೂ ಹೋಗುವುದಿಲ್ಲ, ಮಿಸ್ಟರ್ ಹೋಲ್ರಾಯ್ಡ್. ಸುಣ್ಣದ ಕೆಲಸ ಇನ್ನು ಮುಂದೆ ಈ ಅಮ್ಮನದೇ. ನಿಮ್ಮ ಗೌಂಡಿಗಳು ಇಷ್ಟು ನುಣುಪಾಗಿ ಹಚ್ಚಿದ್ದನ್ನು ನಾನು ಕಂಡಿಲ್ಲ. ಮತ್ತೆ ನಾಳೆ ಗೋಡೆ ತೋರಿಸುವುದು ಈ ಹುಡುಗಿ. ಕೋಲು ಅವಳಿಗೆ ಕೊಡಿ.”

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಗೋಣಿಚೀಲದ ಗಂಟು ಬಿಚ್ಚಿ ಇನ್ನೆರಡು ಬಟ್ಟಲು ತೆಗೆದಳು.

“ಮೊದಲ ಹೇಳಿದ್ರ ತೂತ ಬಿಟ್ಟ ಹಚ್ಚತಿದ್ದೆ ಅಂತ ಹೇಳು. ಮತ್ತ ಕುಂಡ್ರಾಕ ಹೇಳು. ಸುರಕುಂಬಾ ಆರಾಕತ್ತೈತಿ.”

ಹೋಲ್ರಾಯ್ಡ್ ಎರಡು ಬಟ್ಟಲು ತಿಂದ. ಬಾಗಿಲಲ್ಲಿ ಕೋಲನ್ನು ನನ್ನ ಕೈಗೆ ಕೊಟ್ಟ. ಹೋಗುವಾಗ ಪರಾತವನ್ನು ದಾಟದೆ ಬಳಸಿಕೊಂಡು ಹೋದ. ಅಪ್ಪ ಆ ಮನೆಯಲ್ಲಿ ಇನ್ನೂ ಇಪ್ಪತ್ತಾರು ವರ್ಷ ಉಸಿರಾಡಿದ. ನನಗೆ ಶಾಲೆಯ ಓದು ಆಮೇಲೂ ಬರಲಿಲ್ಲ, ಕೊನೆಯ ಬೆಂಚೂ ತಪ್ಪಲಿಲ್ಲ. ಆದರೆ ದಡ್ಡಿ ಎಂಬ ಮಾತು ಅವತ್ತಿನಿಂದ ನನಗೆ ತಾಗಲಿಲ್ಲ. ಈಗ ನಾನು ಸ್ಟಾಕ್‌ಪೋರ್ಟಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಆದರೂ ಇಪ್ಪತ್ತಮೂರು ಹೆಸರನ್ನು ಅವಳು ಉಸಿರು ಬಿಡದೆ ಹೇಳುತ್ತಾಳೆ, ನಾನು ಎಣಿಸಿಕೊಂಡೇ ಅವಳನ್ನು ಆಟಕ್ಕೆ ಬಿಡುತ್ತೇನೆ.

ಆ ಹಬ್ಬದ ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದು ಬಾಗಿಲ ಮರದ ಚೌಕಟ್ಟಿಗೆ ಮೊಳೆ ಹೊಡೆದು ಜರಡಿ ತೂಗುಹಾಕಿದೆ. ಆಮೇಲೆ ಹಬ್ಬದ ಅಂಗಿ ಹಾಕಿಕೊಂಡು, ಕೋಲು ಹಿಡಿದು, ಅಂಗಳದಲ್ಲಿ ಸಾಲು ನಿಂತಿದ್ದ ಅಷ್ಟೂ ಜನರಿಗೆ ಬಾಗಿಲು ತೆರೆದು, ಮೊದಲು ಬೂಟು ಬಿಡಿಸಿದೆ.